ಸತ್ತೆವ್ವನ ಹೆಸರಿನ ಮನೆ

ಬಾಳಾಸಾಬ ತಿರುಗಿ ಬಂದದ್ದು ತೊಂಬತ್ತೊಂದನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಒಂದು ಬೆಳಿಗ್ಗೆ. ಸತ್ತೆವ್ವ ಹಿಂದಿನ ದಿನ ಕಟ್ಟಿದ ಸಾವಿರ ಬೀಡಿಯನ್ನು ಬುಟ್ಟಿಯಲ್ಲಿ ಜೋಡಿಸಿ, ಮೇಲೊಂದು ಅರಿವೆ ಮುಚ್ಚಿ, ನಾಲ್ಕನೆಯ ಮಜಲಿಯಿಂದ ಕೆಳಗಿಳಿಯುತ್ತಿದ್ದಳು. ಒಟ್ಟು ಎಪ್ಪತ್ತೆರಡು ಮೆಟ್ಟಿಲು. ಐದು ವರ್ಷದಿಂದ ಇಳಿದು ಹತ್ತಿ ಅವಳ ಕಾಲಿಗೆ ಅವು ಕಣ್ಣು ಮುಚ್ಚಿದರೂ ಗೊತ್ತು. ಕೊನೆಯ ತಿರುವಿನಲ್ಲಿ, ಕರೆಂಟಿನ ಮೀಟರುಗಳ ಕೆಳಗೆ, ಒಬ್ಬ ಗಂಡಸು ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು, ಒಂದು ಗಂಟು, ಒಂದು ಹಿತ್ತಾಳೆ ತಂಬಿಗೆ.

ಯಾರೋ ಯಾರ ಮನೆಗೋ ಬಂದಿರಬೇಕು ಎಂದುಕೊಂಡು ಅವಳು ದಾಟಿಯೇ ಹೋಗುತ್ತಿದ್ದಳು. ಆ ಗಂಡಸು ತಲೆಯೆತ್ತಿದ. ಮುಖ ಅರ್ಧ ಕೆಳಗೆ ಜಾರಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಬೇರೆಯವರ ಸಾಮಾನು ಕಾಯುವವನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮುಖದ ಎಡಗಡೆಯ ಅರ್ಧವನ್ನು ನೋಡಿ ಸತ್ತೆವ್ವ ಅಲ್ಲೇ ನಿಂತಳು. ಹದಿಮೂರು ವರ್ಷದ ಹಿಂದೆ ಕಬ್ಬಿನ ಹಂಗಾಮಿಗೆಂದು ಉಗಾರಕ್ಕೆ ಹೋಗಿ ತಿರುಗಿ ಬಾರದ ತನ್ನ ಗಂಡ ಇವನೇ.

ಪಕ್ಕದ ಹೆಂಗಸು ಎದ್ದು ನಿಂತಳು. ಮೂವತ್ತೈದರ ಹತ್ತಿರದ ಪ್ರಾಯ. ಬಿಸಿಲಿಗೆ ಸುಟ್ಟ ಮುಖ, ಕಬ್ಬಿನ ಗರಿ ಕೊಯ್ದ ಗೆರೆಗಳಿದ್ದ ಮುಂಗೈ.

"ಸತ್ತೆವ್ವಕ್ಕ ಅಂದ್ರ ನೀವ ಏನ್ರಿ?"

"ಹೌದು."

"ನಾ ಚಂದ್ರಮತಿ ಅಂತ್ರಿ." ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಒಂದೇ ಉಸಿರಿನಲ್ಲಿ ಹೇಳಿದಳು. "ಲಕ್ವಾ ಹೊಡದೈತ್ರಿ ಅಕ್ಕಾ. ಹನ್ನೊಂದ ತಿಂಗಳಾತು. ಮಾತ ಹೋಗೇತಿ. ಇದ್ದದ್ದೆಲ್ಲಾ ದವಾಖಾನಿಗೆ ಹಾಕೀನಿ. ಜ್ವಾಪಡಿ ಬಿಡಿಸಿದ್ರು. ಕರೋಶ್ಯಾಗ ನಮ್ಮ ಅಣ್ಣ ಅದಾನ, ನನ್ನ ಇಟಗೋತೇನಿ ಅಂತಾನ, ಇವರನ್ನ ಒಲ್ಲೆ ಅಂತಾನ. ಎಲ್ಲಿ ಒಯ್ಲಿ ಹೇಳ್ರಿ?"

"ನನಗ ಕೇಳಾಕತ್ತೀಯಲ್ಲಾ," ಎಂದಳು ಸತ್ತೆವ್ವ. ಅವಳ ದನಿ ಏರಲಿಲ್ಲ. "ಅವನ್ನ ಒಯ್ಯೂ ಮುಂದ ಕೇಳಿದ್ದೇನು?"

ಚಂದ್ರಮತಿ ಗಂಟನ್ನು ಗೋಡೆಯ ಹತ್ತಿರ ಸರಿಸಿದಳು. ಬಾಳಾಸಾಬ ನೆಲ ನೋಡುತ್ತಿದ್ದ. ಬೀಡಿ ಕಾರ್ಖಾನೆಯಲ್ಲಿ ತಡವಾದರೆ ಮಾಲು ತೆಗೆದುಕೊಳ್ಳುವುದಿಲ್ಲ. ಸತ್ತೆವ್ವ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹೊರಟುಹೋದಳು. ಎರಡು ತಾಸಿನ ಮೇಲೆ ಬಂದಾಗ ಚಂದ್ರಮತಿ ಇರಲಿಲ್ಲ. ಗಂಟು, ತಂಬಿಗೆ, ಬಾಳಾಸಾಬ ಅಲ್ಲೇ ಇದ್ದರು.

ಆ ಕಟ್ಟಡಕ್ಕೆ ಸರಕಾರದವರು ಇಟ್ಟ ಹೆಸರು ಬೇರೆ. ನಿಪ್ಪಾಣಿಯ ಜನ ಅದನ್ನು ನಾಕಮಜಲಿ ಎಂದು ಕರೆದರು, ಅದೇ ಉಳಿಯಿತು. ತಂಬಾಕು ತುಂಬಿಡುವ ವಖಾರಿಗಳು ಮುಗಿಯುವಲ್ಲಿ, ಮೊದಲು ಬರೇ ಜಾಲಿ ಇದ್ದ ಜಾಗದಲ್ಲಿ, ನೆಲದ ಮಜಲಿಯ ಮೇಲೆ ಮತ್ತೆ ನಾಲ್ಕು ಕಟ್ಟಿ, ಬೀಡಿ ಕಟ್ಟುವವರಿಗೂ ವಖಾರಿಯ ಕೂಲಿಗಳಿಗೂ ಒಂದೊಂದು ಕೋಣೆ, ಒಂದೊಂದು ಅಡಿಗೆಮನೆಯಂತೆ ನಲವತ್ತು ಮನೆ ಮಾಡಿದ್ದರು. ಬಂದವರೆಲ್ಲ ನೆಲದ ಮೇಲೆ ಬದುಕಿದ ಜನ. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಇರುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮೇಲಿನವರು ಖಾರ ಕುಟ್ಟಿದರೆ ಕೆಳಗಿನವರ ಸೂರಿನ ಗಾರೆ, ಗಿಲಾಯಿ ಉದುರುತ್ತಿತ್ತು. ಒಬ್ಬಳು ಮೂರನೆಯ ಮಜಲಿಗೆ ಆಡು ಹತ್ತಿಸಿ ಎರಡು ತಿಂಗಳು ಸಾಕಿದ್ದಳು. ನಳದ ನೀರು ಎರಡನೆಯ ಮಜಲಿಯ ತನಕ ಏರಿ ಅಲ್ಲಿಗೇ ಸಾಕಾಗುತ್ತಿತ್ತು.

ಆ ನಲವತ್ತರಲ್ಲಿ ಆರು ಮನೆಗಳು ಗಂಡ ಸತ್ತವರಿಗೆ, ಗಂಡ ಬಿಟ್ಟವರಿಗೆ. ಸತ್ತೆವ್ವ ಆಗ ವಖಾರಿಯ ಹಿಂದಿನ ತಗಡಿನ ಪತ್ರಾದ ಗುಡಿಸಲಲ್ಲಿ ಮಗಳು ಗಿರಿಜವ್ವನನ್ನು ಕಟ್ಟಿಕೊಂಡು ಇದ್ದಳು. ಬಾಳಾಸಾಬ ಹೋದಾಗ ಗಿರಿಜವ್ವನಿಗೆ ಆರು ವರ್ಷ. ಮೂರು ತಿಂಗಳು ದಾರಿ ನೋಡಿ, ಆಮೇಲೆ ಕೂಸನ್ನು ಕರೆದುಕೊಂಡು ಸತ್ತೆವ್ವ ಉಗಾರಕ್ಕೆ ಹೋಗಿದ್ದಳು. ಸಕ್ಕರೆ ಕಾರ್ಖಾನೆಯ ಗೇಟಿನ ಹೊರಗೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಅವನು ಸಿಕ್ಕ. ಮಗಳ ಕೈಯಲ್ಲಿ ಒಂದು ಗಣಿಕೆ ಕಬ್ಬು ಕೊಟ್ಟು, "ಶನಿವಾರ ಬರ್ತೇನಿ, ನಡಿ" ಎಂದ. ಅವಳು ನಂಬಿ ಬಂದಳು. ಎಷ್ಟು ಶನಿವಾರ ನಂಬಿದಳು ಎನ್ನುವುದನ್ನು ಯಾರಿಗೂ ಹೇಳಿಲ್ಲ.

ಮನೆಯ ಅರ್ಜಿಯಲ್ಲಿ 'ಗಂಡ ಬಿಟ್ಟವಳು' ಎಂದು ಬರೆಸಬೇಕಾಗಿತ್ತು. ಚಿಕ್ಕೋಡಿಯ ಕಚೇರಿಯಲ್ಲಿ ನಾಲ್ಕು ಜನರೆದುರು ಅದನ್ನು ಗಟ್ಟಿಯಾಗಿ ಓದಿ, ಖರೆಯೇ ಎಂದು ಕೇಳಿದಾಗ, ಹೌದ್ರಿ ಎನ್ನಲು ಅವಳ ನಾಲಿಗೆ ಹೊರಳಲಿಲ್ಲ. ಎರಡನೆಯ ಸಲ ಕೇಳಿದ ಮೇಲೆ ಅಂದಳು. ಮುಂದಿನ ವರ್ಷ ಚೀಟಿ ಎತ್ತಿದಾಗ ನಾಲ್ಕನೆಯ ಮಜಲಿಯ ಮೂಲೆಯ ಮನೆ ಬಂತು. ಕಾಗದದಲ್ಲಿ ಅವಳ ಹೆಸರು, ಪಕ್ಕದಲ್ಲಿ ಅವಳ ಫೋಟೋ. ಮೊದಲ ದಿನ ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಗಿರಿಜವ್ವ ನಕ್ಕಳು. ಆ ಮನೆಯಿಂದಲೇ ಗಿರಿಜವ್ವನ ಮದುವೆಯಾಗಿ ಬೇಡಕಿಹಾಳಕ್ಕೆ ಹೋಗಿದ್ದು.

ಈಗ ಆ ಮನೆಯ ಕೆಳಗೆ ಬಾಳಾಸಾಬ ಕೂತಿದ್ದ.

ಮೊದಲ ದಿನ ಅವನಿಗೆ ಉಣ್ಣಲು ಕೊಟ್ಟವಳು ನೆಲಮಜಲಿಯ ಶಹಜಾದಬಿ. ಅವಳ ಗಂಡ ಹುಸೇನ ವಖಾರಿಯಲ್ಲಿ ತಂಬಾಕಿನ ಬೋದು ಹೊರುವ ಹಮಾಲ. ಶಹಜಾದಬಿ ಸಂಜೆ ಮೇಲೆ ಹತ್ತಿ ಬಂದು, ಏದುಸಿರು ಬಿಡುತ್ತ ಹೊಸ್ತಿಲಲ್ಲೇ ಕೂತಳು.

"ರೊಟ್ಟಿ ಕೊಟ್ಟೀನಿ ಅವಗ. ನಿನ್ನ ಕೇಳಿಲ್ಲ. ಸಿಟ್ಟ ಮಾಡ್ಕೋಬ್ಯಾಡ."

"ಸಿಟ್ಟ ಯಾಕ ಖಾಲಾ. ನಿಮ್ಮ ರೊಟ್ಟಿ, ನೀವು ಕೊಟ್ರಿ."

"ನಾಳಿಗೂ ನಾ ಕೊಡ್ಲೋ?"

ಸತ್ತೆವ್ವ ಬೀಡಿ ಎಲೆ ಕತ್ತರಿಸುತ್ತಿದ್ದಳು. ಕತ್ತರಿ ನಿಲ್ಲಲಿಲ್ಲ. "ಬ್ಯಾಡ," ಎಂದಳು. "ನಾಳಿಂದ ನಾ ಒಯ್ತೇನಿ."

ಹಾಗೆ ಅದು ನಡೆಯಿತು. ಹೊತ್ತಿಗೆ ಸರಿಯಾಗಿ ತಾಟು ಒಯ್ದು ಅವನ ಮುಂದಿಡುವಳು, ಹುಸೇನ ಅವನನ್ನು ಬಯಲಿಗೂ ಬಚ್ಚಲಿಗೂ ಎತ್ತಿ ಒಯ್ಯುವನು. ಮೆಟ್ಟಿಲ ಕೆಳಗಿನ ಇಳಿಜಾರು ಜಾಗದಲ್ಲಿ ಒಂದು ಚಾಪೆ, ಒಂದು ಕಂಬಳಿ. ಅವಳು ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಮಾತಾಡಲು ಬರುತ್ತಿರಲಿಲ್ಲ. ಗಂಟಲಿನಿಂದ ಒಂದೆರಡು ಸಪ್ಪಳ ಹೊರಡುತ್ತಿತ್ತು ಅಷ್ಟೆ. ಸುದ್ದಿ ತಿಳಿದು ಗಿರಿಜವ್ವ ಬೇಡಕಿಹಾಳದಿಂದ ಬಂದಳು. ದೂರ ನಿಂತು ಅಪ್ಪನನ್ನು ನೋಡಿ, ಸರಸರ ಮೇಲೆ ಹತ್ತಿ ಬಂದು, "ಯವ್ವಾ, ಅಂವ ಈ ಮನಿ ಹೊಸ್ತಲಾ ದಾಟಿದ್ರ ನಾ ಈ ಮನಿಗೆ ಬರೂದಿಲ್ಲ ನೋಡು" ಎಂದು ಹೇಳಿ, ನೀರು ಸಹ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೋದಳು.

ನಾಕಮಜಲಿ ಎರಡಾಯಿತು. ಹೆಂಗಸರು ಕೆಲವರು, ಕಟ್ಟಿಕೊಂಡ ಗಂಡನನ್ನು ನಾಯಿಯ ಹಾಗೆ ಮೆಟ್ಟಿಲ ಕೆಳಗೆ ಇಟ್ಟಿದ್ದಾಳೆ ಎಂದರು. ಕೆಲವರು, ಅಷ್ಟಾದರೂ ಯಾಕೆ ಮಾಡಬೇಕು ಎಂದರು. ಯಾರೋ ಅವಳ ಮೇಲೆ ಕಚೇರಿಗೆ ತಕರಾರು ಅರ್ಜಿ ಬರೆದರು. ಮೂರನೆಯ ಮಜಲಿಯ ಆಬಾಸಾಹೇಬನಿಗೆ ಆ ಸುದ್ದಿ ಮೊದಲು ಗೊತ್ತಾಯಿತು. ವಖಾರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದ ಆಬಾಸಾಹೇಬ ನಾಕಮಜಲಿಯ ಕಾಗದಪತ್ರಗಳಿಗೆಲ್ಲ ಆಧಾರ. ಬೆಳಿಗ್ಗೆಯೇ ಸತ್ತೆವ್ವನ ಬಾಗಿಲಿಗೆ ಬಂದ.

"ಇವತ್ತ ಸಾಹೇಬ ಬರಾಕತ್ತಾರ, ತಪಾಸಣಿಗೆ. ನಿಂದು ಗಂಡ ಬಿಟ್ಟವರ ಮನಿ. ಗಂಡ ಅದಾನ ಅಂತ ಗೊತ್ತಾದ್ರ ಮನಿ ಹೋಗ್ತದ. ಅದಕ, ಇಂವ ಯಾರೋ ಗುರತಿಲ್ಲ ಅಂತ ಹೇಳಿಬಿಡು. ಭಿಕ್ಷಾ ಬೇಡಾವ, ಬಂದ ಕುಂತಾನ ಅನ್ನು. ಮುಗೀತು."

"ಹೂಂ ಅಣ್ಣಾ," ಎಂದಳು ಸತ್ತೆವ್ವ.

ಸಾಹೇಬ ಬಂದದ್ದು ಹನ್ನೊಂದರ ಹೊತ್ತಿಗೆ. ಶಹಜಾದಬಿ ಹೊರಗೆ ಹಾಕಿದ ಕುರ್ಚಿಯಲ್ಲಿ ಕೂತು, ಕಡತ ಬಿಚ್ಚಿ, ಫೋಟೋ ನೋಡಿ, ಸತ್ತೆವ್ವನನ್ನು ನೋಡಿದ. ಅಷ್ಟರಲ್ಲಿ ಎಲ್ಲ ಮಜಲಿಗಳ ಕಟಾಂಜನದ ಮೇಲೂ ತಲೆಗಳು ಬಾಗಿದ್ದವು.

"ಅಲ್ಲಿ ಕುಂತಾನಲ್ಲ, ಯಾರವಾ ಅಂವ?"

ಸತ್ತೆವ್ವ ಬಾಳಾಸಾಬನ ಕಡೆಗೆ ನೋಡಿದಳು. ಅವನೂ ಅವಳನ್ನೇ ನೋಡುತ್ತಿದ್ದ. ಮಾತು ಹೋಗಿದ್ದರೂ ಅವನಿಗೆ ಎಲ್ಲ ತಿಳಿಯುತ್ತಿತ್ತು. ಅವನು ತಲೆಯನ್ನು ಮೆಲ್ಲಗೆ ಆಕಡೆ ಈಕಡೆ ಅಲ್ಲಾಡಿಸಿದ. ಅಲ್ಲ ಎನ್ನು, ನನ್ನನ್ನು ಅಲ್ಲ ಎನ್ನು ಎಂದು ಅವನು ಹೇಳುತ್ತಿದ್ದುದು ಅವಳಿಗೆ ಅರ್ಥವಾಯಿತು. ಆ ಕ್ಷಣದ ತನಕ ಅವಳು ಹಾಗೆಯೇ ಹೇಳಬೇಕೆಂದಿದ್ದಳು.

"ನನ್ನ ಗಂಡ ಅದಾನ್ರಿ," ಎಂದಳು.

ಮೇಲಿನಿಂದ ಯಾರೋ "ಅಯ್ಯ ದೇವರ" ಎಂದರು. ಸಾಹೇಬ ಪೆನ್ನು ಕೆಳಗಿಟ್ಟ.

"ಬಿಟ್ಟ ಹೋಗ್ಯಾನ ಅಂತ ಬರಿಸೀರಿ ಇದರಾಗ."

"ಬಿಟ್ಟ ಹೋದದ್ದು ಖರೆ ಐತ್ರಿ. ಹದಿಮೂರ ವರ್ಷ ಇವನ ಮಾರಿ ನಾ ನೋಡಿಲ್ಲ. ಈಗ ಬಂದದ್ದೂ ಖರೆ ಐತಿ. ಎರಡರಾಗ ಯಾವದನ್ನ ಸುಳ್ಳು ಅನ್ಲಿ?"

ಸಾಹೇಬ ಕೆಟ್ಟವನಲ್ಲ. ಬಿಸಿಲಿನಲ್ಲಿ ಬಂದಿದ್ದ, ಇನ್ನೂ ಎಷ್ಟೋ ಮನೆಗಳನ್ನು ನೋಡಬೇಕಾಗಿತ್ತು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ಮ್ಯಾಲ ನಿಮ್ಮ ಮನ್ಯಾಗ ಇರ್ತಾನೇನು?"

"ಇಲ್ರಿ. ಇಲ್ಲೇ."

"ಹಂಗಾದ್ರ ನಾ ಏನೂ ಬರಿಯೂದಿಲ್ಲ. ಮೆಟ್ಟಿಲ ಕೆಳಗಿನ ಜಾಗಾ ನಿಮ್ಮ ಹೆಸರಲೆ ಇಲ್ಲ. ಮ್ಯಾಲ ಕರಕೊಂಡ ಹೋದ್ರ ಮಾತ್ರ ಬರೀಬೇಕಾಗ್ತೈತಿ. ತಿಳೀತಿಲ್ಲೋ?"

ತಿಳಿಯಿತು. ಅವನು ಮೆಟ್ಟಿಲ ಕೆಳಗೆ ಇರುವ ತನಕ ಅವಳ ಮನೆ ಅವಳದು.

ಜೂನಿನ ಮಿರ್ಗದ ಮಳೆ ಆ ವರ್ಷ ಹೊತ್ತಿಗೆ ಬಂತು, ಜೋರಾಗಿಯೇ ಬಂತು. ರಸ್ತೆಗಿಂತ ನಾಕಮಜಲಿಯ ನೆಲ ಒಂದು ಗೇಣು ಕೆಳಗೆ. ಕಟ್ಟುವಾಗ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಸತ್ತೆವ್ವ ಊಟ ಕೊಟ್ಟು ಮೇಲೆ ಬಂದಿದ್ದಳಷ್ಟೆ, ಮಳೆ ಹೊಯ್ಯತೊಡಗಿತು. ಒಣಗಲು ಹಾಕಿದ ಬೀಡಿ ಒಳಗೆ ತಂದು, ಕಿಟಕಿ ಮುಚ್ಚಿ, ಅವಳು ಸುಮ್ಮನೆ ಕೂರಲಾರದೆ ಕೆಳಗಿಳಿದಳು. ಗಟಾರು ತುಂಬಿ ಹೊಲಸು ನೀರು ಮೆಟ್ಟಿಲ ಕೆಳಗೆ ನುಗ್ಗಿತ್ತು. ಚಾಪೆ ತೇಲುತ್ತಿತ್ತು. ಬಾಳಾಸಾಬ ನೀರಿನಲ್ಲೇ ಕೂತಿದ್ದ, ಎದ್ದು ನಿಲ್ಲಲು ಅವನಿಂದ ಆಗದು. ಅವಳು ಕೊಟ್ಟ ತಾಟನ್ನು ಎಡಗೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ, ಅನ್ನ ನೆನೆಯಬಾರದೆಂದು. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದನೋ.

ಸತ್ತೆವ್ವ ಹೋಗಿ ತಾಟು ತೆಗೆದುಕೊಂಡಳು. ಅವನ ಕೈ ಆದರೂ ಕೆಳಗಿಳಿಯಲಿಲ್ಲ, ಮರಗಟ್ಟಿತ್ತು. ಅವಳೇ ಹಿಡಿದು ಇಳಿಸಿದಳು. ಹದಿಮೂರು ವರ್ಷದ ಮೇಲೆ ಅವನನ್ನು ಮುಟ್ಟಿದ್ದು ಅದೇ ಮೊದಲು.

"ಹುಸೇನಚಾಚಾ!" ಎಂದು ಕೂಗಿದಳು. "ಒಂದ ಕುರ್ಚಿ ತರ್ರಿ. ಮ್ಯಾಲ ಒಯ್ಯೂಣು ಇವನ್ನ."

ಹುಸೇನ ಬಾಗಿಲಿಗೆ ಬಂದು ಅವಳ ಮುಖ ನೋಡಿದ. "ಸಾಹೇಬ ಏನಂದಾನ ನೆನಪೈತಿಲ್ಲೋ ಬೇಟಿ?"

"ಐತ್ರಿ. ಕುರ್ಚಿ ತರ್ರಿ."

ಕುರ್ಚಿಗೆ ಅವನನ್ನು ಪಂಜೆಯಿಂದ ಕಟ್ಟಿ, ಹುಸೇನ ಮುಂದೆ, ಮಗ ಶಮಶೇರ ಹಿಂದೆ ಹಿಡಿದು ಹತ್ತಿದರು. ಲಾರಿ ಓಡಿಸುವ ಶಮಶೇರ ಗಟ್ಟಿ ಆಳು, ಆದರೂ ಪ್ರತಿ ತಿರುವಿನಲ್ಲಿ ಕುರ್ಚಿಯ ಕಾಲು ಗೋಡೆಗೆ ತಾಗಿ ನಿಲ್ಲಬೇಕಾಗುತ್ತಿತ್ತು. ಮೂರನೆಯ ಮಜಲಿಯಲ್ಲಿ ಆಬಾಸಾಹೇಬ ಬಾಗಿಲು ತೆಗೆದು ನಿಂತಿದ್ದ. ಕುರ್ಚಿ ದಾಟಿದ ಮೇಲೆ ಅವನೂ ಹಿಂದೆ ಹತ್ತಿ ಬಂದ.

ಬಾಳಾಸಾಬನ ಮೈ ಒರೆಸಿ, ಒಣ ಅರಿವೆ ಉಡಿಸಿ ಕಿಟಕಿಯ ಪಕ್ಕ ಮಲಗಿಸಿದ ಮೇಲೆ ಸತ್ತೆವ್ವ ಆಬಾಸಾಹೇಬನಿಗೆ ಹೇಳಿದಳು. "ಅಣ್ಣಾ, ಒಂದ ಕಾಗದಾ ಬರೀರಿ. ನಾ ಹೇಳಿದಂಗ ಬರೀರಿ. ಬಾಳಾಸಾಬ ಅನ್ನಾವ ನಾನು, ಹದಿಮೂರ ವರ್ಷದ ಹಿಂದ ಇಕಿನ್ನ ಬಿಟ್ಟ ಹೋಗೀನಿ. ಈ ಮನ್ಯಾಗ ನಂದೇನೂ ಇಲ್ಲ. ಬ್ಯಾನಿ ಬಿದ್ದೀನಿ, ಅದಕ ಇಟಗೊಂಡಾಳ. ಇಕಿ ಹೋಗಂದ್ರ ಹೋಗಾವ."

ಆಬಾಸಾಹೇಬ ಬರೆದು ಗಟ್ಟಿಯಾಗಿ ಓದಿದ. 'ಇಕಿ ಹೋಗಂದ್ರ ಹೋಗಾವ' ಎನ್ನುವಾಗ ಅವನ ದನಿ ತಗ್ಗಿತು. ಬಾಳಾಸಾಬ ಕೇಳಿಸಿಕೊಂಡು, ತಾನಾಗಿಯೇ ಎಡಗೈ ಮುಂದೆ ಮಾಡಿ ಹೆಬ್ಬೆರಳು ಒತ್ತಿದ.

ಸತ್ತೆವ್ವ ಆ ಕಾಗದ ಹಿಡಿದು ಆಬಾಸಾಹೇಬನ ಜೊತೆ ಚಿಕ್ಕೋಡಿಗೆ ಹೋದಳು. ಕದ್ದು ಇಟ್ಟುಕೊಳ್ಳುವುದು ಅವಳಿಗೆ ಬೇಕಾಗಿರಲಿಲ್ಲ. ಅದೇ ಸಾಹೇಬ ಎರಡು ಸಲ ಓದಿದ. "ಇಂಥಾದ್ದಕ್ಕ ಕಾಯಿದೆದಾಗ ಏನೂ ಇಲ್ಲವಾ," ಎಂದ. ಕೊನೆಗೆ ಕಾಗದವನ್ನು ಕಡತದೊಳಗೆ ಸೇರಿಸಿ ದಾರ ಕಟ್ಟಿದ. "ಮ್ಯಾಲಿಂದ ಏನರ ಬಂದ್ರ ತಿಳಸ್ತೇವಿ." ಮೇಲಿನಿಂದ ಏನೂ ಬರಲಿಲ್ಲ. ಆದರೆ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದಾಗಲೆಲ್ಲ ಅವಳ ಬೆರಳು ಬೀಡಿಯ ಮೇಲೆ ನಿಲ್ಲುತ್ತಿತ್ತು. ಅದು ಎಷ್ಟೋ ದಿನ ಹೋಗಲಿಲ್ಲ.

ಮೇಲೆ ಬಂದ ಮೇಲೆ ಬಾಳಾಸಾಬನ ಗಂಟಲು ತುಸು ತಿಳಿಯಾಯಿತು. ಬೆಳಿಗ್ಗೆ ಎದ್ದು ಕಿಟಕಿಯ ಕಡೆ ಮುಖ ಮಾಡಿ "ಚಾ... ಚಾ..." ಎನ್ನುವನು. ಸತ್ತೆವ್ವ ಚಹಾ ಕುದಿಸಿ, ಬಟ್ಟಲಿಗೆ ಹಾಕಿ ಆರಿಸಿ, ತುಟಿಗೆ ಹಿಡಿಯುವಳು. ಕೆಲವು ಸಲ ಕುಡಿಯುವನು, ಕೆಲವು ಸಲ ಮುಖ ತಿರುಗಿಸುವನು. ಮಧ್ಯಾಹ್ನ ಮತ್ತೆ ಚಾ, ಸಂಜೆ ಮತ್ತೆ ಚಾ. ಸಕ್ಕರೆ ಕಾರ್ಖಾನೆಯವನಿಗೆ ಚಹಾದ ಚಟ ಹತ್ತಿರಬೇಕು ಎಂದುಕೊಂಡಳು. ದಿನಾ ಅಷ್ಟು ಹಾಲು ಎಲ್ಲಿಂದ ಬರಬೇಕು, ಕರಿಚಹಾ ಮಾಡಿ ಕೊಟ್ಟಳು.

ಗಣಪತಿಯ ಹಬ್ಬ ಕಳೆದ ಮೇಲೆ ಒಂದು ದಿನ ಶಹಜಾದಬಿ ಮಾತಾಡಲು ಬಂದು ಕೂತಿದ್ದಳು. ಬಾಳಾಸಾಬ "ಚಾ..." ಎಂದ. ಸತ್ತೆವ್ವ ಎದ್ದಳು. ಅವನು ತಲೆ ಅಲ್ಲಾಡಿಸಿ, ಎಡಗೈಯಿಂದ ನೆಲ ಬಡಿದು, ಬಾಯಿ ಸೊಟ್ಟ ಮಾಡಿ ಬಲ ಹಾಕಿ ಮತ್ತೆ ಅಂದ. "ಚಾ... ಚಂ... ದ್ರಾ."

ಶಹಜಾದಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸತ್ತೆವ್ವ ಒಲೆಯ ಹತ್ತಿರ ಬೆನ್ನು ತೋರಿಸಿ ನಿಂತೇ ಇದ್ದಳು. ಮೂರು ತಿಂಗಳು. ಮನೆಯನ್ನು ಪಣಕ್ಕಿಟ್ಟು ಮೇಲೆ ತಂದು, ಹೇಲು ಉಚ್ಚೆ ಬಳಿದು, ಇವನು ಕರೆಯುತ್ತಿದ್ದುದು ಅವಳನ್ನು.

"ಖಾಲಾ, ನೀವು ಕೆಳಗ ನಡೀರಿ," ಎಂದಳು.

ಆ ದಿನ ಅವನಿಗೆ ಊಟ ಕೊಟ್ಟಳು, ಮಾತ್ರೆ ಕೊಟ್ಟಳು, ಅವನ ಕಡೆ ನೋಡಲಿಲ್ಲ. ಮರುದಿನವೂ ನೋಡಲಿಲ್ಲ. ಅವನು ಆಮೇಲೆ ಆ ಹೆಸರು ಎತ್ತಲೇ ಇಲ್ಲ. ಬಾಯಿ ಮುಚ್ಚಿ ಗೋಡೆಯ ಕಡೆ ಹೊರಳಿ ಮಲಗಿದ. ತನ್ನ ಸಿಟ್ಟಿಗೆ ಅಂಜಿ ಒಬ್ಬ ರೋಗಿ ತನಗೆ ಉಳಿದ ಒಂದೇ ಮಾತನ್ನೂ ನುಂಗಿಕೊಂಡಿದ್ದಾನೆ ಎನ್ನುವುದು ಮೂರನೆಯ ದಿನ ಅವಳಿಗೆ ಹೊಳೆಯಿತು. ಹೊಳೆದ ಮೇಲೆ ಬೀಡಿ ಕಟ್ಟಲು ಕೈ ಓಡಲಿಲ್ಲ. ಆ ದಿನ ಮುನ್ನೂರಕ್ಕೇ ನಿಂತಿತು.

ಸಂಜೆ ಕೆಳಗಿಳಿದು ಶಮಶೇರನಿಗೆ ಹೇಳಿದಳು. "ನಿನ್ನ ಗಾಡಿ ಕರೋಶಿ ಮ್ಯಾಲ ಹೋಗ್ತೈತಿಲ್ಲೋ? ಅಲ್ಲಿ ಚಂದ್ರಮತಿ ಅಂತ ಅದಾಳ. ಉಗಾರದಿಂದ ಅಣ್ಣನ ಮನಿಗೆ ಬಂದಾಕಿ. ಕೇಳಿ ಹುಡಕು. ಬಾ ಅಂತ ಹೇಳು."

"ಬಾ ಅಂದ್ರ ಬರ್ತಾಳೇನ್ ಅಕ್ಕಾ?"

"ಹೆಸರ ಹಿಡದ ಕರ್ಯಾಕತ್ತಾನ ಅಂತ ಹೇಳು. ಬರ್ತಾಳ."

ನಾಲ್ಕನೆಯ ದಿನ ಚಂದ್ರಮತಿ ಬಂದಳು. ಎಪ್ಪತ್ತೆರಡು ಮೆಟ್ಟಿಲು ಹತ್ತಿ ಬಾಗಿಲ ಹೊರಗೇ ನಿಂತಳು. ಸತ್ತೆವ್ವ ತಂಬಿಗೆಯಲ್ಲಿ ನೀರು ಕೊಟ್ಟು, "ಕಾಲ ತೊಳಕೊಂಡ ಬಾ" ಎಂದಳು. ಅಷ್ಟೇ ಹೇಳಿ ಬೀಡಿಯ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ಕಾರ್ಖಾನೆಯಲ್ಲಿ ಕೆಲಸವೇನೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಸುಮ್ಮನೆ ಕೂತು, ಎರಡು ತಾಸು ಬಿಟ್ಟು ಬಂದಳು. ಚಂದ್ರಮತಿ ಅವನ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದಳು. ಅವನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಒರೆಸಿಕೊಳ್ಳುವಷ್ಟೂ ಅವನಿಗೆ ಪರಿವೆ ಇರಲಿಲ್ಲ.

ಎರಡು ದಿನಕ್ಕೆಂದು ಬಂದವಳು ಉಳಿದಳು. ನೀರು ಹೊತ್ತಳು, ಎಲೆ ಕತ್ತರಿಸಲು ಕಲಿತಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ ಚಂದ್ರಮತಿ, ಎಲೆ ಕತ್ತರಿಸುತ್ತಿದ್ದಂತೆ, ತಾನಾಗಿ ಹೇಳಿದಳು.

"ಲಗ್ನ ಆಗೇತಿ ಅಂತ ನನಗ ಹೇಳಿರಲಿಲ್ಲರಿ ಇವರು. ಗುಡ್ಯಾಗ ತಾಳಿ ಕಟ್ಟಿದ ಮ್ಯಾಲ ಹೇಳಿದ್ರು. ಅವತ್ತ ನಾ ಬರಬೇಕಾಗಿತ್ತು ನಿಮ್ಮ ಕಡೆ. ಬರಲಿಲ್ಲ. ಮತ್ತ ಎಲ್ಲಿ ಹೋಗ್ಲಿ ಅನಿಸ್ತು."

ಸತ್ತೆವ್ವ ಬೀಡಿಗೆ ದಾರ ಸುತ್ತಿ ಹಲ್ಲಿನಿಂದ ಕಡಿದಳು. "ಬಂದಿದ್ರೂ ನಾ ಬೈದ ಕಳಸ್ತಿದ್ದೆ," ಎಂದಳು.

ಸಂಕ್ರಾಂತಿಯ ಮರುವಾರ ಬಾಳಾಸಾಬ ತೀರಿಕೊಂಡ. ಬೆಳಿಗ್ಗೆ ಚಂದ್ರಮತಿ ಗಂಜಿ ಕುಡಿಸುತ್ತಿದ್ದಳು, ಸತ್ತೆವ್ವ ಅವನ ತಲೆ ಎತ್ತಿ ಹಿಡಿದಿದ್ದಳು. ನಾಲ್ಕನೆಯ ಚಮಚ ತುಟಿಯಿಂದ ಹೊರಗೆ ಬಂತು. ಚಂದ್ರಮತಿ ಒರೆಸಿ ಮತ್ತೆ ಕೊಡಲು ಹೋದಳು. ಸತ್ತೆವ್ವ ಅವಳ ಕೈ ಹಿಡಿದಳು.

ಚಟ್ಟ ಮೇಲೆ ಬರಲಿಲ್ಲ. ಆ ಮೆಟ್ಟಿಲ ತಿರುವಿನಲ್ಲಿ ಅದು ಹೊರಳುವುದಿಲ್ಲವೆಂದು ಅಲ್ಲಿಯ ತನಕ ಯಾರಿಗೂ ಗೊತ್ತಿರಲಿಲ್ಲ, ಮೇಲಿನ ಮಜಲಿಯಲ್ಲಿ ಸತ್ತವರಲ್ಲಿ ಅವನೇ ಮೊದಲನೆಯವನು. ಕಂಬಳಿಯಲ್ಲಿ ಸುತ್ತಿ ಹುಸೇನ, ಶಮಶೇರ, ಮತ್ತಿಬ್ಬರು ಕೆಳಗಿಳಿಸಿದರು. ಪ್ರತಿ ಮಜಲಿಯಲ್ಲಿ ಜನ ಬಾಗಿಲಿಗೆ ಬಂದು ನಿಂತರು. ಮಣ್ಣಿಗೆ ಒಯ್ಯುವ ಮುಂಚೆ, ಯಾರ ಬಳೆ ಒಡೆಯಬೇಕು ಎಂದು ಹೆಂಗಸರಲ್ಲಿ ಗುಸುಗುಸು ಎದ್ದಿತು. ಚಂದ್ರಮತಿ ಯಾರನ್ನೂ ಕೇಳದೆ ತನ್ನ ಬಳೆಗಳನ್ನು ಮೀಟರಿನ ಗೋಡೆಗೆ ಬಡಿದು ಒಡೆದುಕೊಂಡಳು. ಸತ್ತೆವ್ವ ತನ್ನ ಕೈಯ ಬಳೆ ನೋಡಿಕೊಂಡು ಹಾಗೆಯೇ ಬಿಟ್ಟಳು. ಯಾರೋ ಏನೋ ಅನ್ನಲು ಬಾಯಿ ತೆಗೆದರು. ಶಹಜಾದಬಿ ಅವರತ್ತ ನೋಡಿದ ನೋಟಕ್ಕೆ ಬಾಯಿ ಮುಚ್ಚಿತು.

ಹದಿನೈದು ದಿನದ ಮೇಲೆ ಸಾವಿನ ದಾಖಲೆ ಮಾಡಿಸಲು ಇಬ್ಬರೂ ಪುರಸಭೆಗೆ ಹೋದರು. ಜೊತೆಗೆ ಆಬಾಸಾಹೇಬ. ಗಂಡ ಸತ್ತವರಿಗೆ ಸರಕಾರ ತಿಂಗಳಿಗೆ ಇಷ್ಟು ಎಂದು ಕೊಡುತ್ತದೆ, ದಾಖಲೆಯಲ್ಲಿ ಹೆಂಡತಿಯೆಂದು ಇದ್ದವಳಿಗೆ ಮಾತ್ರ ಎಂದು ಅವನು ಹಿಂದಿನ ದಿನವೇ ಹೇಳಿದ್ದ.

"ತೀರಿಕೊಂಡವರ ಹೆಂಡತಿ ಹೆಸರು?" ಎಂದ ಕಾರಕೂನ.

ಚಂದ್ರಮತಿ ಒಂದು ಹೆಜ್ಜೆ ಹಿಂದೆ ಸರಿದಳು.

"ಚಂದ್ರಮತಿ ಅಂತ ಬರೀರಿ," ಎಂದಳು ಸತ್ತೆವ್ವ.

ಆಬಾಸಾಹೇಬ ತಿರುಗಿ ನೋಡಿದ. ಚಂದ್ರಮತಿ ಅವಳ ರಟ್ಟೆ ಹಿಡಿದಳು. "ಅಕ್ಕಾ, ಹಂಗ ಮಾಡಬ್ಯಾಡ್ರಿ. ನಿಮ್ಮದು ಅದು."

"ನಾ ಗಂಡ ಬಿಟ್ಟಾಕಿ ಅಂತ ಕಾಗದದಾಗ ಐತಿ. ಅಂವನೂ ಹೆಬ್ಬಟ್ಟ ಒತ್ತ್ಯಾನ. ನನಗ ಒಂದ ಮನಿ ಐತಿ, ಕೈಯಾಗ ಕೆಲಸ ಐತಿ. ನಿನ್ನ ಹಂತ್ಯಾಕ ಏನೈತಿ?" ಕಾರಕೂನನ ಕಡೆ ತಿರುಗಿ, "ಬರೀರಿ, ನಿಮ್ಮ ಹೊತ್ತ ಹೋಗ್ತೈತಿ" ಎಂದಳು.

ಹಾಗೆ ಹೇಳುವಾಗ ಮನಸ್ಸು ಹಗುರಾಗುತ್ತದೆ ಎಂದು ಅವಳು ತಿಳಿದಿದ್ದಳು. ಆಗಲಿಲ್ಲ. ಪೆನ್ನು ಓಡುವುದನ್ನು ನೋಡುತ್ತ ನಿಂತಳು. ತನ್ನ ಇಪ್ಪತ್ತನೆಯ ವಯಸ್ಸು, ಅರಿಶಿನದ ಸೀರೆ, ವಖಾರಿಯಿಂದ ತಂಬಾಕಿನ ಘಾಟು ಹೊತ್ತು ಮನೆಗೆ ಬರುತ್ತಿದ್ದ ಗಟ್ಟಿಮುಟ್ಟಾದ ಗಂಡು, ಎಲ್ಲವೂ ಆ ಪುಸ್ತಕದ ಹೊರಗೆ ಉಳಿದವು. ಹೊರಗೆ ಬಂದು ಪುರಸಭೆಯ ನಳದಲ್ಲಿ ಮುಖ ತೊಳೆದುಕೊಂಡಳು.

ಚಂದ್ರಮತಿ ಕರೋಶಿಗೆ ಹೋದಳು. ಹೆಸರು ಬರೆಸಿದ ಸುದ್ದಿ ಬೇಡಕಿಹಾಳ ಮುಟ್ಟಿದ ಮರುದಿನವೇ ಗಿರಿಜವ್ವ ಬಂದಳು. ಅಪ್ಪ ಸತ್ತಾಗ ಬಂದು ಕೆಳಗೆ ನಿಂತು ಮಣ್ಣು ಹಾಕಿ ಹೋದವಳು, ಈಗ ಮೇಲೆ ಹತ್ತಿ ಬಂದು ಅಳುತ್ತ ಒದರಾಡಿದಳು.

"ಅಂವನ ಹೆಂಡತಿ ಅಕಿ ಆದ್ರ ನೀ ಯಾರು? ನಾ ಯಾರ ಮಗಳು? ನಮ್ಮ ಅತ್ತಿ ಕೇಳಿದ್ರ ಏನ್ ಹೇಳ್ಲಿ ಯವ್ವಾ?"

"ಸತ್ತೆವ್ವನ ಮಗಳು ಅಂತ ಹೇಳು. ಆರ ವರ್ಷದಾಕಿ ಇದ್ದಾಗಿಂದ ಅದನ್ನ ಹೇಳ್ಕೋತ ಬಂದೀದಿ."

ಗಿರಿಜವ್ವನಿಗೆ ಅದರಿಂದ ಸಮಾಧಾನವಾಗಲಿಲ್ಲ. ಯುಗಾದಿಗೂ ಬರಲಿಲ್ಲ, ಪಂಚಮಿಗೂ ಬರಲಿಲ್ಲ. ಬಂದದ್ದು ದಸರೆಯ ಹೊತ್ತಿಗೆ, ಏಳು ತಿಂಗಳ ಬಸಿರಿ, ಚೊಚ್ಚಲ ಹೆರಿಗೆಗೆ. ಆಗಲೂ ಮೊದಲ ಮಾತು, "ಅಕಿ ಇಲ್ಲೆ ಬರಬಾರದು" ಎನ್ನುವುದೇ.

ಗಂಡು ಕೂಸು ಹುಟ್ಟಿತು. ಮಗಳ ಬಾಣಂತನ, ದಿನದ ಸಾವಿರ ಬೀಡಿ, ಕೆಳಗಿನಿಂದ ಹೊರುವ ನೀರು, ಮೂರೂ ಕೂಡಿ ಸತ್ತೆವ್ವನ ನಡು ಬಿತ್ತು. ಯಾರು ಹೇಳಿ ಕಳಿಸಿದರೋ, ಶಮಶೇರನೇ ಇರಬೇಕು, ಹನ್ನೆರಡನೆಯ ದಿನ ಚಂದ್ರಮತಿ ಒಂದು ಚೀಲ ಜೋಳದ ಹಿಟ್ಟು ಹೊತ್ತು ಬಾಗಿಲಲ್ಲಿ ನಿಂತಳು. ಗಿರಿಜವ್ವ ಮುಖ ತಿರುಗಿಸಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಚಂದ್ರಮತಿ ಅವಳ ಹತ್ತಿರ ಹೋಗಲಿಲ್ಲ. ನೀರು ತಂದಳು, ರೊಟ್ಟಿ ಬಡಿದಳು, ಕೂಸಿನ ಅರಿವೆ ಒಗೆದು ಹಾಕಿದಳು. ಹೊತ್ತು ಮುಳುಗುವ ಮುಂಚೆ ಕೆಳಗಿಳಿದು ಶಹಜಾದಬಿಯ ಮನೆಯಲ್ಲಿ ಮಲಗುವಳು.

ಚಂದ್ರಮತಿ ಬಂದ ಆರನೆಯ ದಿನ ಸತ್ತೆವ್ವ ನಡು ತುಸು ನೆಟ್ಟಗಾಗಿ ಕಾರ್ಖಾನೆಗೆ ಮಾಲು ಮುಟ್ಟಿಸಲು ಹೋಗಿದ್ದಳು. ತಿರುಗಿ ಬಂದಾಗ ಬಚ್ಚಲಿನಲ್ಲಿ ಚಂದ್ರಮತಿ ಕಾಲು ಚಾಚಿ ಕೂತಿದ್ದಳು, ಕೂಸು ಅವಳ ಕಾಲ ಮೇಲಿತ್ತು. ಗಿರಿಜವ್ವ ಗೋಡೆ ಹಿಡಿದು ನಿಂತು ತಂಬಿಗೆಯಿಂದ ಬಿಸಿನೀರು ಹಾಕುತ್ತಿದ್ದಳು. ಕೂಸು ಕಿಟಾರನೆ ಚೀರುತ್ತಿತ್ತು.

"ನೀರ ಬಾಳ ಬಿಸಿ ಆಗೇತಿ ನೋಡವಾ," ಎಂದಳು ಚಂದ್ರಮತಿ.

ಗಿರಿಜವ್ವ ಬಗ್ಗಿ ಕೈಯದ್ದಿ ನೋಡಿ, ತಣ್ಣೀರು ಬೆರೆಸಿದಳು.

ಸತ್ತೆವ್ವ ಬುಟ್ಟಿ ಇಳಿಸಿ, ಕಿಟಕಿಯ ಹತ್ತಿರ ಕೂತು, ಮರುದಿನದ ಎಲೆ ನೆನೆಹಾಕಲು ಶುರು ಮಾಡಿದಳು.